ಗಲಭೆಯಲ್ಲ, ಅದು ಹೆಂಗಸರ ಯುದ್ಧ

1929ರ ನವೆಂಬರ್ ತಿಂಗಳ ಒಂದು ಬೆಳಿಗ್ಗೆ. ನೈಜೀರಿಯಾದ ಆಗ್ನೇಯ ಭಾಗದಲ್ಲಿರುವ ಓಲೊಕೊ ಎಂಬ ಊರಿನಲ್ಲಿ ನ್ವಾನ್ಯೆರುವಾ ಎಂಬ ಹೆಂಗಸು ತನ್ನ ಮನೆಯಂಗಳದಲ್ಲಿ ಕುಳಿತು ತಾಳೆ ಹಣ್ಣು ಹಿಂಡಿ ಎಣ್ಣೆ ತೆಗೆಯುತ್ತಿದ್ದಳು. ಆಗ ಅಲ್ಲಿಗೆ ಬಂದವನು ಮಾರ್ಕ್ ಎಮೆರುವಾ. ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದ ಈತನಿಗೆ ಊರಿನ ಮುಖಂಡ ಒಕುಗೊ ಒಂದು ಕೆಲಸ ಒಪ್ಪಿಸಿದ್ದ. ಮನೆ ಮನೆಗೆ ಹೋಗಿ ಎಷ್ಟು ಜನರಿದ್ದಾರೆ, ಎಷ್ಟು ಆಡು, ಎಷ್ಟು ಕುರಿ ಎಂದು ಬರೆದುಕೊಂಡು ಬರಬೇಕಿತ್ತು. ನಿನ್ನ ಮನೆಯ ಆಡು, ಕುರಿ, ಜನ ಎಲ್ಲವನ್ನೂ ಎಣಿಸು ಎಂದು ಆತ ಆಕೆಗೆ ಹೇಳಿದ.

ನ್ವಾನ್ಯೆರುವಾಳ ಮನೆಯಲ್ಲಿ ಸಾವಿನ ದುಃಖ ಇನ್ನೂ ಆರಿರಲಿಲ್ಲ. ಹಿಂದಿನ ವರ್ಷ ಗರ್ಭಿಣಿಯಾಗಿದ್ದ ಸೊಸೆ ತೀರಿಕೊಂಡಿದ್ದಳು. ನಾನು ಏನನ್ನು ಎಣಿಸಲಿ ಎಂದು ಕೇಳಿದ ಆಕೆ, ಆ ಪ್ರದೇಶದಲ್ಲಿ ಇಂದಿಗೂ ನೆನೆಯುವ ಪ್ರಶ್ನೆಯೊಂದನ್ನು ಎಸೆದಳು: ನಿನ್ನ ತಾಯಿಯನ್ನು ಯಾರಾದರೂ ಎಣಿಸಿದ್ದರೇ? ಮಾತಿಗೆ ಮಾತು ಬೆಳೆದು ಇಬ್ಬರೂ ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡರು. ನ್ವಾನ್ಯೆರುವಾಳ ಕೈಗಳಲ್ಲಿ ಕೆಂಪು ತಾಳೆ ಎಣ್ಣೆ ಮೆತ್ತಿಕೊಂಡೇ ಇತ್ತು.

ಊರಿನ ಒಂದು ಸಣ್ಣ ಜಗಳವಾಗಿ ಮುಗಿಯಬಹುದಾಗಿದ್ದ ಈ ಪ್ರಸಂಗ ಒಂದು ತಿಂಗಳೊಳಗೆ ಸುಮಾರು ಆರು ಸಾವಿರ ಚದರ ಮೈಲಿ ವಿಸ್ತಾರದ, ಇಪ್ಪತ್ತು ಲಕ್ಷ ಜನರಿದ್ದ ನಾಡನ್ನು ಆವರಿಸಿತು. ಹತ್ತಾರು ಸಾವಿರ ಹೆಂಗಸರು ಬೀದಿಗಿಳಿದರು. ಹದಿನಾರು ನ್ಯಾಯಾಲಯಗಳ ಮೇಲೆ ದಾಳಿಯಾಯಿತು. ಐವತ್ತಕ್ಕೂ ಹೆಚ್ಚು ಹೆಂಗಸರು ಸರ್ಕಾರದ ಗುಂಡಿಗೆ ಬಲಿಯಾದರು. ಬ್ರಿಟಿಷ್ ಕಡತಗಳಲ್ಲಿ ಇದಕ್ಕೆ ‘ಅಬಾ ಗಲಭೆ’ ಎಂದು ಹೆಸರು. ಇಗ್ಬೊ ಭಾಷೆಯಲ್ಲಿ ಮಾತ್ರ ಅದು ‘ಒಗು ಉಮುನ್ವಾನ್ಯಿ’, ಅಂದರೆ ಹೆಂಗಸರ ಯುದ್ಧ. ಹೆಸರಿನ ಈ ವ್ಯತ್ಯಾಸ ಕೇವಲ ಭಾಷೆಯದಲ್ಲ. ಗಲಭೆ ಎಂದರೆ ಹೊತ್ತುಗೊತ್ತಿಲ್ಲದೆ ಕೆರಳಿದ ಗುಂಪಿನ ಕೆಲಸ. ಯುದ್ಧಕ್ಕೆ ಕಾರಣ ಬೇಕು, ಸಿದ್ಧತೆ ಬೇಕು, ನಿಯಮವೂ ಬೇಕು. ಓಲೊಕೊದ ಹೆಂಗಸರ ಬಳಿ ಈ ಮೂರೂ ಇದ್ದವು. ಅವು ಆಳುವವರ ಕಣ್ಣಿಗೆ ಕಾಣಲಿಲ್ಲ, ಅಷ್ಟೆ.

ರಾಜರಿಲ್ಲದ ನಾಡಿಗೆ ಮುಖಂಡರು

ನೈಜರ್ ನದಿಯ ಪೂರ್ವಕ್ಕೆ ಹಬ್ಬಿರುವ ಇಗ್ಬೊ ಜನರ ನಾಡು ಇದು. ಮುಂದೆ 1967ರಿಂದ 1970ರವರೆಗೆ ಬಯಾಫ್ರಾ ಯುದ್ಧ ನಡೆದದ್ದೂ ಇಲ್ಲೇ. ಇಗ್ಬೊಗಳಿಗೆ ರಾಜರಿಲ್ಲ ಎಂಬುದು ಅಲ್ಲಿನ ಹಳೆಯ ನಾಣ್ಣುಡಿ. ಕೆಲವು ಪಟ್ಟಣಗಳನ್ನು ಬಿಟ್ಟರೆ ಊರಿನ ವ್ಯವಹಾರಗಳನ್ನೆಲ್ಲ ಸಭೆ ಸೇರಿ, ಮಾತನಾಡಿ, ಒಪ್ಪಿಗೆಯಾದ ಮೇಲೆ ನಿರ್ಧರಿಸುವುದು ಅವರ ಪದ್ಧತಿ. ಹಿರಿಯರ ಮಾತಿಗೆ ತೂಕವಿತ್ತು, ಆದರೆ ಅಪ್ಪಣೆ ಕೊಡುವ ಅಧಿಕಾರ ಯಾರೊಬ್ಬರಿಗೂ ಇರಲಿಲ್ಲ.

ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. 1901–02ರ ದಂಡಯಾತ್ರೆಯಲ್ಲಿ ಅರೊಚುಕ್ವು ಪಟ್ಟಣವನ್ನು ಮಣಿಸಿ ಒಳನಾಡಿಗೆ ಕಾಲಿಟ್ಟ ಅವರು, ಆಳುವುದಕ್ಕೆ ಒಬ್ಬ ರಾಜ ಸಿಗದಿದ್ದಾಗ ತಾವೇ ಮುಖಂಡರನ್ನು ಸೃಷ್ಟಿಸಿದರು. ಊರಿಗೊಬ್ಬನನ್ನು ಆರಿಸಿ ಅವನ ಕೈಗೆ ಒಂದು ಸನದು ಕೊಟ್ಟರು. ಆ ಸನದಿಗೆ ಇಂಗ್ಲಿಷಿನಲ್ಲಿ ‘ವಾರಂಟ್’ ಎಂದೇ ಹೆಸರು. ಹೀಗೆ ಹುಟ್ಟಿಕೊಂಡವರೇ ವಾರಂಟ್ ಮುಖಂಡರು. ವಾರಂಟ್ ಎಂದರೆ ನಮಗೆ ತಟ್ಟನೆ ಹೊಳೆಯುವುದು ಪೊಲೀಸರು ಹಿಡಿದು ತರುವ ಕಾಗದ. ಆ ಊರುಗಳ ಜನರ ಅನುಭವ ಅದಕ್ಕಿಂತ ತೀರ ಬೇರೆಯೇನೂ ಆಗಿರಲಿಲ್ಲ.

ಯಾರು ಈ ಮುಖಂಡರಾದರು? ಬಿಳಿಯರ ಸೈನ್ಯ ಬಂದಾಗ ಊರಿನ ಗೌರವಸ್ಥರು ಹಲವೆಡೆ ಮುಂದೆ ಬರಲಿಲ್ಲ. ಊರಿಗೆ ಬೇಡವಾದವರು, ಮಾತಿನಮಲ್ಲರು, ದುಭಾಷಿಗಳ ಪರಿಚಯವಿದ್ದವರು ಮುಂದೆ ಬಂದು ಸನದು ಪಡೆದರು. ಚಿನುವ ಅಚಿಬೆಯ ‘ಆ್ಯರೊ ಆಫ್ ಗಾಡ್’ ಕಾದಂಬರಿಯನ್ನು ಓದಿದವರಿಗೆ ನೆನಪಿರಬಹುದು. ಅದರ ನಾಯಕ, ಪೂಜಾರಿ ಎಜೆಯುಲು, ಇಂಥದೇ ಮುಖಂಡನ ಪದವಿಯನ್ನು ಬೇಡವೆಂದು ನಿರಾಕರಿಸಿ ಜೈಲು ಸೇರುತ್ತಾನೆ. ವಾಸ್ತವದಲ್ಲಿ ಬೇಡವೆಂದವರಿಗಿಂತ ಕೈಚಾಚಿದವರ ಸಂಖ್ಯೆಯೇ ಹೆಚ್ಚಾಗಿತ್ತು.

1914ರಲ್ಲಿ ಉತ್ತರ ಮತ್ತು ದಕ್ಷಿಣ ನೈಜೀರಿಯಾಗಳನ್ನು ಒಂದುಗೂಡಿಸಿ ಗವರ್ನರ್ ಜನರಲ್ ಆದವನು ಫ್ರೆಡರಿಕ್ ಲುಗಾರ್ಡ್. ಮದರಾಸಿನಲ್ಲಿ 1858ರಲ್ಲಿ ಹುಟ್ಟಿದ ಈತ ‘ಪರೋಕ್ಷ ಆಳ್ವಿಕೆ’ಯ ಪ್ರಬಲ ಪ್ರತಿಪಾದಕ. ದೇಶೀಯ ಅರಸರನ್ನು ಗದ್ದುಗೆಯಲ್ಲೇ ಉಳಿಸಿ, ಅವರ ಕೈಯಿಂದಲೇ ರಾಜ್ಯಭಾರ ಮಾಡಿಸುವುದು ಇದರ ತಿರುಳು. ರೆಸಿಡೆಂಟರ ನೆರಳಿನಲ್ಲಿ ನಡೆದ ಸಂಸ್ಥಾನಗಳನ್ನು ಕಂಡ ನಮ್ಮವರಿಗೆ ಇದು ಹೊಸ ವಿಚಾರವಲ್ಲ. ಉತ್ತರ ನೈಜೀರಿಯಾದಲ್ಲಿ ಎಮೀರರಿದ್ದರು, ತೆರಿಗೆ ವಸೂಲಿಯ ಹಳೆಯ ಏರ್ಪಾಡಿತ್ತು. ಅಲ್ಲಿ ಈ ಪದ್ಧತಿ ಹೇಗೋ ನಡೆಯಿತು. ರಾಜನೇ ಇಲ್ಲದ ಆಗ್ನೇಯದಲ್ಲಿ ಅದನ್ನೇ ಹೇರಿದಾಗ ಅನಾಹುತವಾಯಿತು. ಅದುವರೆಗೆ ದೇಶೀ ನ್ಯಾಯಾಲಯಗಳಲ್ಲಿ ಕೂರುತ್ತಿದ್ದ ಬ್ರಿಟಿಷ್ ಅಧಿಕಾರಿ ಲುಗಾರ್ಡನ ಸುಧಾರಣೆಯಿಂದಾಗಿ ಹಿಂದೆ ಸರಿದ. ನ್ಯಾಯ, ದಂಡ, ಬಿಟ್ಟಿ ದುಡಿಮೆ ಎಲ್ಲವೂ ವಾರಂಟ್ ಮುಖಂಡರ ಮತ್ತು ನ್ಯಾಯಾಲಯದ ಗುಮಾಸ್ತರ ಕೈಗೆ ಹೋಯಿತು. ಲಂಚವಿಲ್ಲದೆ ತೀರ್ಪಿಲ್ಲ ಎಂಬಂತಾಯಿತು. ಮುಖಂಡರು ಪೂರ್ತಿ ತೆರ ಕೊಡದೆ, ಹೆಣ್ಣಿನ ಒಪ್ಪಿಗೆಯನ್ನೂ ಕೇಳದೆ ಹೆಂಡಿರನ್ನು ಕೂಡಿಹಾಕಿಕೊಳ್ಳುತ್ತಾರೆ, ಹಿತ್ತಿಲಿನ ಆಡು ಕೋಳಿಗಳನ್ನು ಎತ್ತಿಕೊಂಡು ಹೋಗುತ್ತಾರೆ ಎಂಬ ದೂರುಗಳನ್ನು ಹೆಂಗಸರು ಮುಂದೆ ವಿಚಾರಣಾ ಆಯೋಗದೆದುರು ಒಂದರ ಮೇಲೊಂದರಂತೆ ಹೇಳಿದರು.

ಎಣಿಕೆ ಎಂದರೆ ತೆರಿಗೆ

ತಲೆ ಎಣಿಸಿದ್ದಕ್ಕೆ ಇಷ್ಟು ಕೋಪವೇ ಎಂದು ಯಾರಿಗಾದರೂ ಅನಿಸಬಹುದು. ಅದಕ್ಕೆ ಮೂರು ವರ್ಷಗಳ ಹಿಂದಿನ ಒಂದು ಮೋಸ ಕಾರಣ. 1926ರ ಸುಮಾರಿಗೆ ಅಧಿಕಾರಿಗಳು ಊರೂರಿಗೆ ಬಂದು ಗಂಡಸರನ್ನು ಎಣಿಸಿದ್ದರು. ಇದು ತೆರಿಗೆಗಲ್ಲ, ಸುಮ್ಮನೆ ಲೆಕ್ಕಕ್ಕೆ ಎಂದು ಹೇಳಿದ್ದರು. 1928ರಲ್ಲಿ ಅದೇ ಪಟ್ಟಿಯನ್ನು ಮುಂದಿಟ್ಟುಕೊಂಡು ಪ್ರತಿಯೊಬ್ಬ ಗಂಡಸಿನಿಂದ ತೆರಿಗೆ ವಸೂಲು ಮಾಡಿದರು. ಆ ನಾಡಿನಲ್ಲಿ ತಲೆಗಂದಾಯ ಎಂಬುದು ಅದುವರೆಗೆ ಇರಲಿಲ್ಲ. ಗಂಡಸರು ಗೊಣಗುತ್ತಲೇ ಕೊಟ್ಟರು. ಗಂಡನ ಕೈಯಲ್ಲಿ ಕಾಸಿಲ್ಲದ ಮನೆಗಳಲ್ಲಿ ಹೆಂಡತಿಯ ಗಂಟೇ ಕರಗಿತು.

ಹೆಂಡತಿಯ ಗಂಟು ಎಂಬುದನ್ನು ಸ್ವಲ್ಪ ವಿವರಿಸಬೇಕು. ಅಲ್ಲಿನ ಬದುಕು ನಿಂತಿದ್ದುದು ತಾಳೆ ಮರದ ಮೇಲೆ. ನಮ್ಮ ಹಳ್ಳಿಗಳ ತಾಟಿನಿಂಗಿನ ತಾಳೆಯಲ್ಲ ಇದು. ಕೆಂಪು ಹಣ್ಣಿನ ಗೊಂಚಲು ಬಿಡುವ, ಎಣ್ಣೆಯ ತಾಳೆ. ಗಂಡಸರು ಮರ ಹತ್ತಿ ಗೊಂಚಲು ಇಳಿಸುತ್ತಿದ್ದರು. ಬೇಯಿಸಿ, ಕುಟ್ಟಿ, ಹಿಂಡಿ ಎಣ್ಣೆ ತೆಗೆಯುವ ಕೆಲಸವೆಲ್ಲ ಹೆಂಗಸರದು. ಎಣ್ಣೆ ಮಾರಿದ ಹಣ ಗಂಡನಿಗೆ ಸೇರಿದರೆ, ಹಣ್ಣಿನೊಳಗಿನ ಬೀಜ ಒಡೆದು ತೆಗೆದ ತಿರುಳಿನ ಹಣ ಹೆಂಡತಿಯದು. ಈ ಎಣ್ಣೆ ಮತ್ತು ತಿರುಳು ಹಡಗೇರಿ ಇಂಗ್ಲೆಂಡಿಗೆ ಹೋಗಿ ಸೋಪು, ಮಾರ್ಗರೀನ್ ಆಗುತ್ತಿದ್ದವು. ನಮ್ಮ ಅಂಗಡಿಗಳಲ್ಲೂ ಹೆಸರಾಗಿದ್ದ ಸನ್‌ಲೈಟ್ ಸೋಪಿನ ಲಿವರ್ ಸಮೂಹಕ್ಕೆ ಸೇರಿದ ಯುನೈಟೆಡ್ ಆಫ್ರಿಕಾ ಕಂಪನಿ ರೂಪುಗೊಂಡದ್ದು ಇದೇ 1929ರಲ್ಲಿ, ದೊಡ್ಡ ವ್ಯಾಪಾರಿ ಕಂಪನಿಗಳ ವಿಲೀನದಿಂದ. ಕೊಳ್ಳುವವರು ಕಡಿಮೆಯಾದರೆ ಬೆಲೆ ಏನಾಗುತ್ತದೆಂದು ಸಂತೆಗೆ ಹೋಗುವವರಿಗೆ ಹೇಳಿಕೊಡಬೇಕಾಗಿಲ್ಲ. ಆ ವರ್ಷ ತಾಳೆ ಎಣ್ಣೆಯ ಮತ್ತು ತಿರುಳಿನ ಬೆಲೆ ಕುಸಿಯಿತು, ಆಮದು ಸಾಮಾನುಗಳ ಬೆಲೆ ಏರಿತು. ಅಳತೆಯ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಕಂಪನಿಗಳು ತೂಕದ ಲೆಕ್ಕಕ್ಕೆ ಬದಲಾದದ್ದು ಹೆಂಗಸರ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಇಂಥ ಹೊತ್ತಿನಲ್ಲಿ ಬೆಂಡೆ ವಿಭಾಗಕ್ಕೆ ಹಂಗಾಮಿಯಾಗಿ ಬಂದ ಕ್ಯಾಪ್ಟನ್ ಕುಕ್ ಎಂಬ ಅಧಿಕಾರಿಗೆ ಹಳೆಯ ಪಟ್ಟಿಗಳು ಸರಿಯಿಲ್ಲವೆನಿಸಿತು. ಈ ಸಲ ಹೆಂಗಸರು, ಮಕ್ಕಳು, ಸಾಕುಪ್ರಾಣಿಗಳ ಲೆಕ್ಕವೂ ಬೇಕೆಂದು ಅಕ್ಟೋಬರಿನಲ್ಲಿ ಮುಖಂಡರಿಗೆ ಆಜ್ಞೆ ಮಾಡಿದ. ಹೆಂಗಸರಿಗೆ ತೆರಿಗೆ ಹಾಕುವ ಉದ್ದೇಶ ಸರ್ಕಾರಕ್ಕೆ ಇರಲಿಲ್ಲ ಎಂಬುದು ನಿಜ. ಆದರೆ ಒಮ್ಮೆ ಹೀಗೆಯೇ ಹೇಳಿ ಮೋಸ ಮಾಡಿದವರ ಮಾತನ್ನು ಎರಡನೇ ಸಲ ನಂಬುವವರು ಯಾರು? ಹಣ್ಣು ಬಿಡುವ ಮರಗಳಂಥವರು ನಾವು, ನಮ್ಮನ್ನೇಕೆ ಎಣಿಸಬೇಕು ಎಂಬ ಅರ್ಥದ ಮಾತನ್ನು ಸಾಕ್ಷಿಯೊಬ್ಬಳು ಆಯೋಗದೆದುರು ಹೇಳಿದ್ದಾಳೆ.

ಗಂಡಿನ ಮೇಲೆ ಕೂರುವುದು

ಓಲೊಕೊದ ಹೆಂಗಸರು ಎಮೆರುವಾ ಬರುವುದಕ್ಕೆ ಮೊದಲೇ ಸಭೆ ಸೇರಿದ್ದರು. ಗಂಡಸರನ್ನಷ್ಟೇ ಕೇಳಿದರೆ ಸುಮ್ಮನಿರೋಣ. ಒಬ್ಬ ಹೆಂಗಸನ್ನಾದರೂ ಎಣಿಸಲು ಬಂದರೆ ಆಕೆ ಕೂಡಲೇ ಎಲ್ಲರಿಗೂ ಸುದ್ದಿ ಮುಟ್ಟಿಸಬೇಕು ಎಂದು ತೀರ್ಮಾನವಾಗಿತ್ತು. ಹಾಗಾಗಿ ನ್ವಾನ್ಯೆರುವಾ ಜಗಳ ಮುಗಿಸಿ ನೇರವಾಗಿ ಹೆಂಗಸರ ಸಭೆಗೆ ಹೋದಳು. ಅಲ್ಲಿಂದ ಎಳೆಯ ತಾಳೆ ಗರಿಗಳು ಕೈಯಿಂದ ಕೈಗೆ ಊರಿಂದ ಊರಿಗೆ ಹೊರಟವು. ತಾಳೆ ಗರಿ ಬಂತೆಂದರೆ ಕರೆ ಬಂತೆಂದು ಅರ್ಥ.

ಈ ಕರೆ ಅಷ್ಟು ವೇಗವಾಗಿ ಹರಡಿದ್ದು ಹೇಗೆ ಎಂಬುದು ಬ್ರಿಟಿಷರನ್ನು ಕೊನೆಯವರೆಗೂ ಕಾಡಿದ ಪ್ರಶ್ನೆ. ಉತ್ತರ ಇಗ್ಬೊ ಸಂಸಾರದ ಕಟ್ಟಳೆಯಲ್ಲೇ ಇತ್ತು. ಅಲ್ಲಿ ಸ್ವಂತ ಊರಿನವನನ್ನು ಮದುವೆಯಾಗುವಂತಿಲ್ಲ. ಹಾಗಾಗಿ ಪ್ರತಿ ಹೆಂಗಸಿಗೂ ಎರಡು ಊರು, ಎರಡು ಕೂಟ. ಗಂಡನ ಊರಿನಲ್ಲಿ ಸೊಸೆಯಂದಿರ ಕೂಟ, ತವರಿನಲ್ಲಿ ಹೆಣ್ಣುಮಕ್ಕಳ ಕೂಟ. ಸಂತೆಯ ನಿಯಮ, ಬೆಳೆ ಮೇಯ್ದ ದನದ ದಂಡ, ಹೆಂಡತಿಗೆ ಹೊಡೆದ ಗಂಡನ ವಿಚಾರಣೆ ಎಲ್ಲವೂ ಈ ಕೂಟಗಳಲ್ಲಿ ನಡೆಯುತ್ತಿತ್ತು. ಇಗ್ಬೊಗಳ ವಾರಕ್ಕೆ ನಾಲ್ಕೇ ದಿನ, ಆ ನಾಲ್ಕು ದಿನಗಳ ಹೆಸರೂ ಸಂತೆಗಳದ್ದೇ. ಒಂದು ಸಂತೆಯಲ್ಲಿ ಆಡಿದ ಮಾತು ನಾಲ್ಕನೆಯ ದಿನಕ್ಕೆ ಹತ್ತಾರು ಊರು ದಾಟಿರುತ್ತಿತ್ತು. ತಂತಿ ಕಚೇರಿಯ ಹಂಗಿಲ್ಲದ ಈ ಜಾಲ ಯಾವ ಅಧಿಕಾರಿಯ ನಕ್ಷೆಯಲ್ಲೂ ಇರಲಿಲ್ಲ.

ಹೆಂಗಸರ ಕೂಟದ ಕೈಯಲ್ಲಿ ಒಂದು ಶಿಕ್ಷೆಯೂ ಇತ್ತು. ಅದಕ್ಕೆ ‘ಗಂಡಿನ ಮೇಲೆ ಕೂರುವುದು’ ಎಂದು ಹೆಸರು. ಹೆಂಡತಿಗೆ ಹೊಡೆಯುವವನು, ಸಂತೆಯ ಕಟ್ಟಳೆ ಮುರಿದವನು, ಹೆಂಗಸರ ಬೆಳೆಗೆ ದನ ಬಿಟ್ಟವನು ಇಂಥವರ ಗುಡಿಸಲನ್ನು ಹೆಂಗಸರೆಲ್ಲ ಸುತ್ತುವರಿಯುತ್ತಿದ್ದರು. ರಾತ್ರಿಯಿಡೀ ಹಾಡು, ಕುಣಿತ. ಹಾಡಿನ ತುಂಬ ಅವನ ತಪ್ಪುಗಳ ಪಟ್ಟಿ, ಅವನ ಗಂಡಸುತನದ ಗೇಲಿ. ಗೆಡ್ಡೆ ಕುಟ್ಟುವ ಒನಕೆಗಳಿಂದ ಗೋಡೆಗೆ ಬಡಿಯುವುದು, ಅಗತ್ಯ ಬಿದ್ದರೆ ಗುಡಿಸಲನ್ನೇ ಕೆಡವುವುದು. ಆತ ತಪ್ಪೊಪ್ಪಿಕೊಳ್ಳುವವರೆಗೂ ಅವರು ಕದಲುತ್ತಿರಲಿಲ್ಲ. ಊರಿನ ಗಂಡಸರು ಇದರಲ್ಲಿ ತಲೆಹಾಕುವಂತಿರಲಿಲ್ಲ. ನಮ್ಮ ‘ಧರಣಿ’ ಎಂಬ ಮಾತು ಇದರ ಹತ್ತಿರ ಬರುತ್ತದೆ. ಆದರೆ ಧರಣಿ ಬೇಡಿಕೆಯಾದರೆ, ಇದು ತೀರ್ಪು.

ಈ ಸಲ ಹೆಂಗಸರು ‘ಕೂತದ್ದು’ ಒಕುಗೊನ ಮೇಲೆ. ಸಾವಿರಾರು ಮಂದಿ ಅವನ ಮನೆಯನ್ನು ಮುತ್ತಿದರು. ಒಕುಗೊನ ಕಡೆಯವರು ಕೈಮಾಡಿದ್ದರಿಂದ ಕೆಲವು ಹೆಂಗಸರಿಗೆ ಗಾಯಗಳಾದವು. ಅಲ್ಲಿಂದ ಹೆಂಗಸರ ಬೇಡಿಕೆ ಒಂದೇ: ಒಕುಗೊನ ಟೋಪಿ ಬೇಕು. ಮುಖಂಡನ ಪದವಿಯ ಗುರುತಾಗಿದ್ದ ಟೋಪಿ ಅದು. ಅದನ್ನು ಕಿತ್ತುಕೊಳ್ಳುವುದೆಂದರೆ ಸರ್ಕಾರ ಕೊಟ್ಟ ಅಧಿಕಾರವನ್ನು ಊರು ಹಿಂದಕ್ಕೆ ಪಡೆಯುವುದು. ಬೆಂಡೆಯ ಜಿಲ್ಲಾ ಕಚೇರಿಯೆದುರು ನೆರೆದ ಹೆಂಗಸರ ಸಂಖ್ಯೆ ಹತ್ತು ಸಾವಿರವಿರಬಹುದೆಂದು ಅಂದಾಜು. ಆ ಗುಂಪಿನ ಪರವಾಗಿ ಮಾತನಾಡಿದವರು ಇಕೋನಿಯಾ, ನ್ವಾನೆಡಿಯಾ, ನ್ವುಗೊ ಎಂಬ ಮೂವರು. ಕೆರಳಿದ ಹೆಂಗಸರನ್ನು ಸಮಾಧಾನಪಡಿಸುವುದರಲ್ಲೂ, ಅಧಿಕಾರಿಗಳ ಎದುರು ವಾದ ಮಂಡಿಸುವುದರಲ್ಲೂ ಇವರು ನಿಪುಣರಾಗಿದ್ದರು. ಮೊದಲ ಕಿಡಿಗೆ ಕಾರಣಳಾದ ನ್ವಾನ್ಯೆರುವಾ ಕೂಡ ಹಿಂಸೆ ಬೇಡವೆಂದೇ ಹೇಳುತ್ತಿದ್ದಳು. ಕೊನೆಗೆ ಒಕುಗೊನ ಬಂಧನವಾಯಿತು, ವಿಚಾರಣೆ ನಡೆಯಿತು, ಹಲ್ಲೆ ಮತ್ತು ಭೀತಿ ಹುಟ್ಟಿಸುವ ಸುದ್ದಿ ಹರಡಿದ ಆರೋಪದ ಮೇಲೆ ಎರಡು ವರ್ಷ ಸಜೆಯಾಯಿತು. ಟೋಪಿ ಹೆಂಗಸರ ಕೈಸೇರಿತು.

ಮೇಲಿನವರ ಆಜ್ಞೆ ಪಾಲಿಸಿದ ಒಕುಗೊ ಜೈಲಿಗೆ ಹೋದ. ಆಜ್ಞೆ ಮಾಡಿದ ಅಧಿಕಾರಿಯ ಕೂದಲೂ ಕೊಂಕಲಿಲ್ಲ. ಪರೋಕ್ಷ ಆಳ್ವಿಕೆ ಎಂದರೆ ಏನೆಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ಬೇಕಿಲ್ಲ.

ಅಬಾದಿಂದ ಒಪೊಬೊವರೆಗೆ

ಓಲೊಕೊದ ಗೆಲುವಿನ ಸುದ್ದಿ ಬೆಂಕಿಯಂತೆ ಹಬ್ಬಿತು. ಒಂದೂರಿನ ಟೋಪಿ ಕೀಳಬಹುದಾದರೆ ಎಲ್ಲ ಊರಿನ ಟೋಪಿಗಳನ್ನೂ ಏಕೆ ಕೀಳಬಾರದು? ಓವೆರಿ ಮತ್ತು ಕಲಬಾರ್ ಪ್ರಾಂತ್ಯಗಳಲ್ಲಿ ಇಗ್ಬೊ ಹೆಂಗಸರ ಜೊತೆಗೆ ಇಬಿಬಿಯೊ, ಅಂಡೋನಿ, ಒಗೋನಿ, ಒಪೊಬೊ ಹೆಂಗಸರೂ ಸೇರಿಕೊಂಡರು. ಭಾಷೆ ಬೇರೆ, ಕುಲ ಬೇರೆ, ಉಡುಗೆ ಮಾತ್ರ ಒಂದೇ. ಸೊಂಟಕ್ಕೆ ತುಂಡು ಬಟ್ಟೆ, ಮುಖಕ್ಕೆ ಇದ್ದಿಲು ಅಥವಾ ಬೂದಿ, ತಲೆಗೆ ಎಳೆಯ ಸೊಪ್ಪಿನ ಕಟ್ಟು, ಕೈಯಲ್ಲಿ ತಾಳೆ ಗರಿ ಸುತ್ತಿದ ಕೋಲು. ಯುದ್ಧಕ್ಕೆ ಹೊರಟವರ ವೇಷ ಇದು. ಮೈಮೇಲೆ ಬಟ್ಟೆಯಿಲ್ಲದ ಹುಚ್ಚು ಗುಂಪು ಎಂದು ಕಂಡ ಅಧಿಕಾರಿಗಳಿಗೆ ಅದು ಸಮವಸ್ತ್ರವೆಂದು ಹೊಳೆಯಲಿಲ್ಲ.

ರೈಲು ನಿಲ್ದಾಣವಿದ್ದ ವ್ಯಾಪಾರದ ಪಟ್ಟಣ ಅಬಾದಲ್ಲಿ ಡಿಸೆಂಬರ್ ಎರಡನೇ ವಾರ ಪರಿಸ್ಥಿತಿ ಕೈಮೀರಿತು. ಹೆಂಗಸರು ಹಾಡುತ್ತ ಸಾಗುತ್ತಿದ್ದ ರಸ್ತೆಯಲ್ಲೇ ಬ್ರಿಟಿಷ್ ವೈದ್ಯಾಧಿಕಾರಿಯೊಬ್ಬನ ಕಾರಿಗೆ ಇಬ್ಬರು ಹೆಂಗಸರು ಸಿಕ್ಕಿಬಿದ್ದರು. ಕೆರಳಿದ ಗುಂಪು ಬಾರ್ಕ್ಲೇಸ್ ಬ್ಯಾಂಕಿನ ಮೇಲೂ ಯುರೋಪಿಯನ್ ಕಂಪನಿಗಳ ಮಳಿಗೆಗಳ ಮೇಲೂ ಎರಗಿತು. ಇಡೀ ಚಳವಳಿಗೆ ಈ ಪಟ್ಟಣದ ಹೆಸರು ಅಂಟಿಕೊಂಡದ್ದು ಹೀಗೆ. ಬಿಳಿಯರ ಆಸ್ತಿಗೆ ಧಕ್ಕೆಯಾದ ಊರೇ ಬಿಳಿಯರ ಕಡತದಲ್ಲಿ ಮುಖ್ಯವಾಯಿತು. ಓಲೊಕೊ ಅಡಿಟಿಪ್ಪಣಿಗೆ ಸರಿಯಿತು.

ಉಳಿದೆಡೆ ದಾಳಿಯ ಗುರಿ ಹೆಚ್ಚಾಗಿ ದೇಶೀ ನ್ಯಾಯಾಲಯಗಳೇ. ಅವುಗಳಲ್ಲಿ ಹೆಚ್ಚಿನವು ನೆಲಸಮವಾದವು ಅಥವಾ ಸುಟ್ಟುಹೋದವು. ಮುಖಂಡರ ಮನೆಗಳಿಗೆ ನುಗ್ಗಿದರು, ಬಂದೀಖಾನೆಗಳಿಂದ ಕೈದಿಗಳನ್ನು ಬಿಡಿಸಿದರು. ಗಮನಿಸಬೇಕಾದ ಸಂಗತಿಯೆಂದರೆ, ಇಷ್ಟೆಲ್ಲ ನಡೆದರೂ ಹೆಂಗಸರ ಕೈಯಲ್ಲಿ ಒಬ್ಬ ಅಧಿಕಾರಿಯೂ ಸಾಯಲಿಲ್ಲ. ‘ಕೂರುವ’ ಶಿಕ್ಷೆಯಲ್ಲಿ ಮನೆ ಕೆಡವಬಹುದಿತ್ತು, ಜೀವ ತೆಗೆಯುವಂತಿರಲಿಲ್ಲ. ಆ ನಿಯಮವನ್ನು ಅವರು ಇಲ್ಲಿಯೂ ಮೀರಲಿಲ್ಲ.

ಸರ್ಕಾರಕ್ಕೆ ಅಂಥ ನಿಯಮವಿರಲಿಲ್ಲ. ಪೊಲೀಸರ ಜೊತೆಗೆ ಸೈನ್ಯವೂ ಬಂತು. ಡಿಸೆಂಬರ್ ಮಧ್ಯಭಾಗದಲ್ಲಿ ಅಬಾಕ್, ಯೂಟು ಎಟಿಮ್ ಎಕ್ಪೊ ಎಂಬಲ್ಲಿ ಗುಂಡು ಹಾರಿತು, ಹೆಂಗಸರು ಸತ್ತರು. ಅತಿ ದೊಡ್ಡ ದುರಂತ ನಡೆದದ್ದು ಡಿಸೆಂಬರ್ 16ರಂದು, ಇಮೊ ನದಿಯ ಮುಖದಲ್ಲಿರುವ ಒಪೊಬೊ ಠಾಣ್ಯದಲ್ಲಿ. ಈಗ ಇಕೊಟ್ ಅಬಾಸಿ ಎಂದು ಕರೆಯುವ ಊರು ಅದು.

ಅಲ್ಲಿ ನಡೆದದ್ದನ್ನು ವಿವರವಾಗಿ ಹೇಳಬೇಕು. ಹೆಂಗಸರು ಬಂದದ್ದು ಜಿಲ್ಲಾಧಿಕಾರಿಯ ಜೊತೆ ಮಾತುಕತೆಗೆ. ತಮ್ಮ ಬೇಡಿಕೆಗಳನ್ನು ಒಂದೊಂದಾಗಿ ಹೇಳಿ ಬರೆಸಿದರು. ಹೆಂಗಸರಿಗೆ ತೆರಿಗೆ ಹಾಕಕೂಡದು. ಯಾರ ಸ್ವತ್ತನ್ನೂ ಎಣಿಸಕೂಡದು. ಸಂತೆಯ ಚಪ್ಪರಕ್ಕೆ ಹೆಂಗಸರಿಂದ ಬಾಡಿಗೆ ಕೇಳಕೂಡದು. ಆಟ ಕುಣಿತಗಳಿಗೆ ಪರವಾನಗಿ ಶುಲ್ಕ ಇರಕೂಡದು. ಒಪೊಬೊದ ಮುಖ್ಯ ಮುಖಂಡನಾಗಿ ಮಾರ್ಕ್ ಪೆಪಲ್ ಜಾಜಾ ಬೇಡ. ವೇಶ್ಯೆಯೆಂದು ಗೊತ್ತಿರುವವರನ್ನು ಬಂಧಿಸಬೇಕು. ಕೊನೆಯದಾಗಿ, ಗಂಡಸರೂ ತೆರಿಗೆ ಕೊಡುವಂತಾಗಬಾರದು. ಇಂದಿನ ಮಹಿಳಾ ಚಳವಳಿಗಳ ಕಣ್ಣಿನಿಂದ ನೋಡಿದರೆ ಇದರಲ್ಲಿ ಒಂದೆರಡು ಅಂಶ ಇರುಸುಮುರುಸು ತರಬಹುದು. ಆದರೆ ಇದನ್ನು ಹೇಳಿದವರು ಯಾವ ಸಿದ್ಧಾಂತವನ್ನೂ ಓದಿದವರಲ್ಲ. ತಮ್ಮ ಸಂತೆ, ತಮ್ಮ ಮನೆ, ತಮ್ಮ ಊರು ಹೇಗಿರಬೇಕೆಂದು ಗೊತ್ತಿದ್ದವರು.

ಬಾಯಿಮಾತು ಸಾಲದು, ಟೈಪು ಮಾಡಿ ಪ್ರತಿಗಳನ್ನು ಕೊಡಬೇಕೆಂದು ಅವರು ಹಟ ಹಿಡಿದರು. ಮೂರು ವರ್ಷಗಳ ಹಿಂದೆ ಬಾಯಿಮಾತಿನಿಂದ ಮೋಸ ಹೋಗಿದ್ದವರು ಈ ಸಲ ಕಾಗದ ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಚೇರಿಯೊಳಗೆ ಟೈಪು ನಡೆಯುತ್ತಿದ್ದಾಗ ಹೊರಗೆ ಜನ ಹೆಚ್ಚುತ್ತಾ ಹೋದರು. ಬಿದಿರಿನ ಬೇಲಿಯ ಮೇಲೆ ನೂಕುನುಗ್ಗಲು ಶುರುವಾಯಿತು. ಬೇಲಿ ಕುಸಿಯುತ್ತಿದ್ದಂತೆ ಸೈನಿಕರ ಅಧಿಕಾರಿ ಗುಂಡು ಹಾರಿಸಲು ಆಜ್ಞೆ ಕೊಟ್ಟ. ಅಲ್ಲೇ ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ದಿಕ್ಕೆಟ್ಟು ಓಡಿ ನೀರಿಗೆ ಬಿದ್ದು ಮುಳುಗಿದವರೂ ಇದ್ದರು.

ಹೆಂಗಸರ ಮೇಲೆ ಗುಂಡು ಹಾರಿಸುತ್ತಾರೆಂದು ಅವರಲ್ಲಿ ಯಾರೂ ಎಣಿಸಿರಲಿಲ್ಲ. ತಮ್ಮನ್ನು ತಾವು ರಣಹದ್ದುಗಳೆಂದು ಅವರು ಕರೆದುಕೊಳ್ಳುತ್ತಿದ್ದರು. ಸಾಕ್ಷಿ ಹೇಳಿದ ಒಬ್ಬ ಹೆಂಗಸು ಇದರ ಅರ್ಥ ಬಿಡಿಸಿ ಹೇಳಿದ್ದಾಳೆ: ರಣಹದ್ದು ಸಂತೆಗೆ ಬಂದು ತಿಂದು ಹೋಗುತ್ತದೆ, ಕೋಳಿಯನ್ನೇ ಕೊಂದರೂ ಅದನ್ನು ಯಾರೂ ಕೊಲ್ಲುವುದಿಲ್ಲ, ತಿನಿಸಿಗೆ ಬಾಯಿ ಹಾಕಿದರೆ ಒಂದು ಕೋಲು ಎಸೆದು ಓಡಿಸುತ್ತಾರೆ, ಅಷ್ಟೆ. ನಮ್ಮನ್ನೂ ಹಾಗೆಯೇ ಬಿಡುತ್ತಾರೆಂದು ನಂಬಿದ್ದೆವು ಎಂದು ಆಕೆ ಹೇಳಿದಳು.

ವಿಚಾರಣೆ ಮತ್ತು ನಂತರ

ಸತ್ತವರ ಲೆಕ್ಕಕ್ಕಿಂತ ಮೊದಲು ದಂಡದ ಲೆಕ್ಕ ಶುರುವಾಯಿತು. ಸಾಮೂಹಿಕ ದಂಡನೆಯ ಕಾನೂನನ್ನು ಬಳಸಿ ಇಡೀ ಊರುಗಳ ಮೇಲೆ ದಂಡ ಹಾಕಲಾಯಿತು, ಹಲವು ಮನೆಗಳಿಗೆ ಬೆಂಕಿ ಇಡಲಾಯಿತು. 1930ರ ಜನವರಿಯಲ್ಲಿ ಇಬ್ಬರು ಅಧಿಕಾರಿಗಳ ಒಂದು ಸಮಿತಿ ಅವಸರದಲ್ಲಿ ವಿಚಾರಣೆ ನಡೆಸಿ ಸರ್ಕಾರದ ಕಡೆಯವರ ತಪ್ಪೇನೂ ಇಲ್ಲವೆಂದಿತು. ಇದನ್ನು ಯಾರೂ ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶ ಡೊನಾಲ್ಡ್ ಕಿಂಗ್ಡನ್ ಅಧ್ಯಕ್ಷತೆಯಲ್ಲಿ ಎರಡನೇ ಆಯೋಗ ನೇಮಕವಾಯಿತು. ಕಿಟೊಯಿ ಅಜಾಸಾ ಮತ್ತು ಎರಿಕ್ ಮೂರ್ ಎಂಬ ಇಬ್ಬರು ನೈಜೀರಿಯನ್ ವಕೀಲರಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ನೂರಾರು ಸಾಕ್ಷಿಗಳ ಹೇಳಿಕೆ ದಾಖಲಾಯಿತು. ನ್ವಾನ್ಯೆರುವಾಳ ಎಣ್ಣೆಯ ಕೈ, ಸೊಸೆಯ ಸಾವು, ರಣಹದ್ದಿನ ಮಾತು ಇವೆಲ್ಲ ನಮಗೆ ತಿಳಿದಿರುವುದು ಆ ಸಾಕ್ಷ್ಯದ ಪುಟಗಳಿಂದಲೇ. ಗುಂಡು ಹಾರಿಸಿದ ಸರ್ಕಾರವೇ ಅಕ್ಷರ ಬಾರದ ಹೆಂಗಸರ ಮಾತನ್ನು ಬರೆದಿಟ್ಟಿತು.

ಇಷ್ಟಾದರೂ ಅಧಿಕಾರಿಗಳ ತಲೆಯಿಂದ ಒಂದು ಅನುಮಾನ ಹೋಗಲಿಲ್ಲ. ಹಿಂದೆ ನಿಂತು ಇದನ್ನೆಲ್ಲ ಮಾಡಿಸಿದ ಗಂಡಸರು ಯಾರು? ಗಂಡಸರ ಸಹಾನುಭೂತಿ ಇದ್ದದ್ದು ನಿಜ. ಆದರೆ ಸೂತ್ರಧಾರನನ್ನು ಹುಡುಕಿ ಹುಡುಕಿ ಸುಸ್ತಾದದ್ದೇ ಬಂತು. ಇಂಗ್ಲೆಂಡಿನಲ್ಲಿ ಮಹಿಳೆಯರಿಗೆ ಪುರುಷರಿಗೆ ಸರಿಸಮನಾದ ಮತದಾನದ ಹಕ್ಕು ಬಂದದ್ದೇ 1928ರಲ್ಲಿ. ಹೆಂಗಸರು ತಾವಾಗಿಯೇ ಸಭೆ ಸೇರಿ, ತೀರ್ಮಾನಿಸಿ, ಯುದ್ಧಕ್ಕೆ ಹೊರಡಬಹುದೆಂಬ ಕಲ್ಪನೆ ಆ ಅಧಿಕಾರಿಗಳಿಗೆ ಬರುವಂತೆಯೇ ಇರಲಿಲ್ಲ.

ಒಂದು ಪ್ರಯೋಜನವಾಯಿತು. ತಾವು ಆಳುತ್ತಿರುವ ಜನರ ಬಗ್ಗೆ ತಮಗೆ ಏನೂ ಗೊತ್ತಿಲ್ಲ ಎಂಬುದು ಸರ್ಕಾರಕ್ಕೆ ಮನವರಿಕೆಯಾಯಿತು. ಮಾನವಶಾಸ್ತ್ರಜ್ಞ ಸಿ.ಕೆ. ಮೀಕ್ ಊರೂರು ಸುತ್ತಿ ಇಗ್ಬೊ ಸಮಾಜದ ರಚನೆಯನ್ನು ದಾಖಲಿಸಿದ. ಸಿಲ್ವಿಯಾ ಲೀತ್-ರಾಸ್ ಮತ್ತು ಮಾರ್ಗರೆಟ್ ಗ್ರೀನ್ ಎಂಬಿಬ್ಬರು ಮಹಿಳೆಯರು ಇಗ್ಬೊ ಹೆಂಗಸರ ಬದುಕನ್ನೇ ಅಧ್ಯಯನ ಮಾಡಿದರು. ಆಳಲು ಶುರುಮಾಡಿ ಮೂವತ್ತು ವರ್ಷವಾದ ಮೇಲೆ ಮಾಡಿದ ಅಧ್ಯಯನ ಇದು.

1933ರ ಸುಮಾರಿಗೆ ವಾರಂಟ್ ಮುಖಂಡರ ಪದ್ಧತಿಯನ್ನು ತೆಗೆದುಹಾಕಲಾಯಿತು. ಊರುಗಳು ತಾವೇ ಆರಿಸಿದ ಹಲವು ಮಂದಿ ಒಟ್ಟಿಗೆ ಕೂತು ತೀರ್ಪು ಕೊಡುವ ಹೊಸ ನ್ಯಾಯಾಲಯಗಳು ಬಂದವು. ಹೆಂಗಸರು ಕೇಳಿದ ದೊಡ್ಡ ಬೇಡಿಕೆ ಈಡೇರಿತು ಎಂದೇ ಹೇಳಬೇಕು. ಆದರೆ ಗಂಡಸರ ತೆರಿಗೆ ಹೋಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತೀರ್ಪು ಕೊಡುವ ಹಕ್ಕೇ ಹೆಂಗಸರ ಕೈತಪ್ಪಿತು. ‘ಗಂಡಿನ ಮೇಲೆ ಕೂರುವುದು’ ಇನ್ನು ಮುಂದೆ ಕಾನೂನು ಭಂಗ. ಹೆಂಡತಿಗೆ ಹೊಡೆದವನ ವಿಚಾರಣೆ ನ್ಯಾಯಾಲಯದ್ದು, ದಂಡ ಹಾಕುವ ಅಧಿಕಾರವೂ ಅದರದ್ದೇ. ಹಿಂದೆ ಊರಿನಲ್ಲಿ ಗಂಡಸರ ಸಭೆಯ ಪಕ್ಕದಲ್ಲೇ ಹೆಂಗಸರ ಸಭೆಗೂ ಅಧಿಕಾರವಿತ್ತು. ಬ್ರಿಟಿಷರ ಸುಧಾರಣೆ ಒಂದನ್ನು ಗುರುತಿಸಿತು, ಇನ್ನೊಂದನ್ನು ಮರೆಯಿತು. ಅಮೆರಿಕದ ವಿದ್ವಾಂಸೆ ಜುಡಿತ್ ವ್ಯಾನ್ ಅಲೆನ್ 1972ರಲ್ಲಿ ಬರೆದ ಲೇಖನವೊಂದು ಈ ನಷ್ಟವನ್ನು ಮೊದಲ ಬಾರಿಗೆ ವಿದ್ವತ್ ಲೋಕದ ಗಮನಕ್ಕೆ ತಂದಿತು. ಅದೇ ವರ್ಷ ಅಡಿಯೆಲೆ ಅಫಿಗ್ಬೊ ವಾರಂಟ್ ಮುಖಂಡರ ಇತಿಹಾಸವನ್ನು ಪುಸ್ತಕವಾಗಿ ಪ್ರಕಟಿಸಿದರು. ನೈಜೀರಿಯಾದ ಮಹಿಳೆಯರ ರಾಜಕೀಯ ಹೋರಾಟಗಳ ಕುರಿತು ನೀನಾ ಎಂಬಾ ಬರೆದ ಗ್ರಂಥ ಬಂದದ್ದು 1982ರಲ್ಲಿ.

ಆ ನಾಡಿನ ಹೆಂಗಸರು ಮತ್ತೆ ಸುಮ್ಮನೆ ಕೂರಲಿಲ್ಲ ಎಂಬುದೂ ನಿಜ. 1938ರಲ್ಲಿ ತೆರಿಗೆಯ ವಿರುದ್ಧ, 1940ರ ದಶಕದಲ್ಲಿ ತಿರುಳಿನ ಆದಾಯಕ್ಕೆ ಕುತ್ತು ತಂದ ಎಣ್ಣೆ ಗಿರಣಿಗಳ ವಿರುದ್ಧ, 1956ರಲ್ಲಿ ಮತ್ತೆ ತೆರಿಗೆಯ ವಿರುದ್ಧ ಅವರು ಎದ್ದರು. ದೇಶದ ಪಶ್ಚಿಮದಲ್ಲಿ, ಅಬಿಯೊಕುಟಾ ಪಟ್ಟಣದಲ್ಲಿ ಫುನ್ಮಿಲಾಯೊ ರಾನ್ಸಮ್-ಕುಟಿ ನೇತೃತ್ವದ ಹೆಂಗಸರು 1940ರ ದಶಕದ ಕೊನೆಯಲ್ಲಿ ತಮ್ಮ ಮೇಲಿನ ತೆರಿಗೆಯನ್ನು ವಿರೋಧಿಸಿ ಅಲ್ಲಿನ ಅರಸನನ್ನೇ 1949ರಲ್ಲಿ ಗದ್ದುಗೆ ಬಿಡು ವಂತೆ ಮಾಡಿದರು. 1960ರ ಅಕ್ಟೋಬರ್ 1ರಂದು ನೈಜೀರಿಯಾ ಸ್ವತಂತ್ರವಾಯಿತು.

ಇತ್ತ ಇಗ್ಬೊ ನಾಡಿನ ಹೊಸ ನ್ಯಾಯಾಲಯಗಳಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಹೆಂಗಸರಿಗೂ ಸ್ಥಾನ ಸಿಕ್ಕಿತ್ತು. ನ್ಗುರು ಎಂಬ ಊರಿನಲ್ಲಿ ಹದಿಮೂರು ಮಂದಿ ನ್ಯಾಯಾಧೀಶರಲ್ಲಿ ಚಿನ್ವೆ ಎಂಬ ಒಬ್ಬ ಹೆಂಗಸಿದ್ದಳು. ಉಳಿದ ಹೆಚ್ಚಿನ ನ್ಯಾಯಾಲಯಗಳಲ್ಲಿ ಆ ಒಬ್ಬಳೂ ಇರಲಿಲ್ಲ.